ಬಿಟ್ಟಿ ಚಾಕರಿಯಂತೆ!

ಕಳೆದ ತಿಂಗಳು ಬಂಧುಗಳೊಬ್ಬರ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಒಂದು ಮಾತು ಕಿವಿಗೆ ಬಿತ್ತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ರಾತ್ರಿ ಕಂಪ್ಯೂಟರ್ ಮುಂದೆ ಕುಳಿತು ಗೆಲಾಕ್ಸಿಗಳ ಚಿತ್ರಗಳನ್ನು ನೋಡಿ ಆಕಾರಕ್ಕೆ ತಕ್ಕಂತೆ ವಿಂಗಡಿಸುತ್ತಾಳಂತೆ. ಅವಳ ಸೋದರಮಾವ ನನ್ನ ಹಳೆಯ ವಿದ್ಯಾರ್ಥಿ. "ಪರದೇಶದ ವಿಜ್ಞಾನಿಗಳಿಗೆ ಬಿಟ್ಟಿ ಚಾಕರಿ ಮಾಡ್ತಿದಾಳೆ ಮೇಷ್ಟ್ರೇ. ಈಗ ಅದನ್ನೆಲ್ಲ ಯಂತ್ರಾನೇ ಮಾಡುತ್ತೆ. ಆ ಹೊತ್ತಲ್ಲಿ ನಾಲ್ಕು ಲೆಕ್ಕ ಮಾಡಿದ್ರೆ ಅಂಕನಾದ್ರೂ ಬರ್ತಿತ್ತು" ಎಂದ. ಹೋಳಿಗೆ ಬಡಿಸುತ್ತಿದ್ದರು, ಆ ಹೊತ್ತಿನಲ್ಲಿ ವಾದಕ್ಕಿಳಿಯುವುದು ಶೋಭಿಸದೆಂದು ಸುಮ್ಮನಾದೆ. ಆದರೆ ಒಂದೇ ಉಸಿರಿನಲ್ಲಿ ಮೂರು ಅಸತ್ಯಗಳನ್ನು ನುಡಿದವನಿಗೆ ಉತ್ತರ ಕೊಡದೆ ಬಿಡುವುದು ಮೇಷ್ಟರ ಜಾಯಮಾನವಲ್ಲ.

ಮೊದಲು ಯಂತ್ರದ ಮಾತು. 2007ರ ಜುಲೈಯಲ್ಲಿ 'ಗೆಲಾಕ್ಸಿ ಜೂ' ಎಂಬ ಯೋಜನೆ ಆರಂಭವಾಯಿತು. ಸ್ಲೋನ್ ಆಕಾಶ ಸಮೀಕ್ಷೆಯಲ್ಲಿ ದೊರೆತ ಸುಮಾರು ಒಂಬತ್ತು ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟು, ಇದು ಸುರುಳಿಯೋ ದೀರ್ಘವೃತ್ತವೋ ಎಂದು ಕೇಳಿದರು. ಮೊದಲ ವರ್ಷದಲ್ಲೇ ಒಂದೂವರೆ ಲಕ್ಷದಷ್ಟು ಜನ ಐದು ಕೋಟಿಗೂ ಮಿಕ್ಕ ಉತ್ತರಗಳನ್ನು ಕೊಟ್ಟರು. ಒಂದೊಂದು ಚಿತ್ರವನ್ನೂ ಹತ್ತಾರು ಮಂದಿ ನೋಡಿದ್ದರಿಂದ ಒಬ್ಬರ ಎಡವಟ್ಟನ್ನು ಉಳಿದವರ ನೋಟ ಸರಿಪಡಿಸಿತು. ಇಂದು ಗೆಲಾಕ್ಸಿಗಳನ್ನು ವಿಂಗಡಿಸುವ ಯಂತ್ರಗಳಿವೆ, ನಿಜ. ಆದರೆ ಅಂಥ ಯಂತ್ರಗಳಿಗೆ ಅಕ್ಷರಾಭ್ಯಾಸ ಮಾಡಿಸಿರುವುದು ಈ ಸ್ವಯಂಸೇವಕರ ಉತ್ತರಗಳೇ. ಗುರುವನ್ನೇ ಶಾಲೆಯಿಂದ ಹೊರಗಟ್ಟುವ ಶಿಷ್ಯರನ್ನು ನಾವು ಬಲ್ಲೆವು. ಯಂತ್ರಕ್ಕೂ ಅದೇ ಬುದ್ಧಿಯನ್ನು ನಾವೇಕೆ ಕಲಿಸಬೇಕು?

ಇನ್ನೂ ಮುಖ್ಯವಾದ ವಿಷಯವೊಂದಿದೆ. ಯಂತ್ರ ತನಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಮನುಷ್ಯ ಕೇಳದ ಪ್ರಶ್ನೆಯನ್ನೂ ಎತ್ತುತ್ತಾನೆ. ಗೆಲಾಕ್ಸಿ ಜೂ ಆರಂಭವಾದ ವರ್ಷವೇ ಹಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ (ನಮ್ಮ ಜಾತಿಯವರೇ, ಅಂದರೆ ಮೇಷ್ಟರ ಜಾತಿ) ಗೆಲಾಕ್ಸಿಯೊಂದರ ಕೆಳಗಿದ್ದ ವಿಚಿತ್ರ ಕಲೆಯನ್ನು ಕಂಡು "ಇದೇನು?" ಎಂದು ಕೇಳಿದರು. ಯಾವ ವಿಜ್ಞಾನಿಯ ಬಳಿಯೂ ಸಿದ್ಧ ಉತ್ತರವಿರಲಿಲ್ಲ. ಪಕ್ಕದ ಗೆಲಾಕ್ಸಿಯ ಒಡಲಲ್ಲಿ ಹಿಂದೊಮ್ಮೆ ಪ್ರಖರವಾಗಿ ಉರಿದು ಈಗ ಮಂಕಾಗಿರುವ ಕ್ವೇಸಾರ್‌ನ ಕಿರಣಗಳಿಂದ ಬೆಳಗುತ್ತಿರುವ ಭಾರೀ ಅನಿಲರಾಶಿ ಅದೆಂದು ಮುಂದೆ ತಿಳಿದುಬಂತು. ದೀಪ ಆರಿದ ಮೇಲೂ ಗೋಡೆಯ ಮೇಲೆ ಬೆಳಕು ಉಳಿದಂತೆ! ಡಚ್ ಭಾಷೆಯಲ್ಲಿ 'ವಸ್ತು' ಎಂಬರ್ಥದ ಪದ ಸೇರಿಸಿ ಅದಕ್ಕೆ 'ಹಾನಿಯ ವೋರ್ವೆರ್ಪ್' ಎಂದೇ ಹೆಸರಾಯಿತು. ಕೆಪ್ಲರ್ ದೂರದರ್ಶಕದ ಮಾಹಿತಿಯನ್ನು ಜಾಲಾಡುತ್ತಿದ್ದ ಇನ್ನೊಂದು ಯೋಜನೆಯ ಸ್ವಯಂಸೇವಕರು, ಬೆಳಕು ಒಮ್ಮೊಮ್ಮೆ ನೂರಕ್ಕೆ 22ರಷ್ಟು ಕುಸಿಯುವ ಒಂದು ನಕ್ಷತ್ರವನ್ನು ಗುರುತಿಸಿದರು. ಗ್ರಹಗಳಿಗಾಗಿ ಹುಡುಕುತ್ತಿದ್ದ ಗಣಕ ಕ್ರಮವಿಧಿಯ ಬಲೆಗೆ ಅದು ಬಿದ್ದಿರಲಿಲ್ಲ. ಆ ಕುರಿತು 2015ರಲ್ಲಿ ಹೊರಬಂದ ಸಂಶೋಧನಾ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಸ್ವಯಂಸೇವಕರ ಹೆಸರುಗಳೂ ಇವೆ.

ಬಿಟ್ಟಿ ಚಾಕರಿ ಎಂದರೆ ಕೂಲಿ ಕೊಡದೆ, ಇಷ್ಟವಿಲ್ಲದವನಿಂದ ಮಾಡಿಸಿಕೊಳ್ಳುವ ದುಡಿಮೆ. ಹೆಸರು ಬರೆದವನ ಹೆಸರನ್ನೇ ಪುಸ್ತಕದ ಮೇಲೆ ಹಾಕುವ ಕಡೆ ಆ ಪದ ಸಲ್ಲದು. ಹೆಸರು ಕೊಡದೆ ಒಂದು ಸಾಲಿನ ಕೃತಜ್ಞತೆಯಲ್ಲಿ ಮುಗಿಸುವ ಕಡೆ ಆಕ್ಷೇಪಿಸಲೇಬೇಕು, ನಾನೂ ಜೊತೆಗೆ ದನಿಗೂಡಿಸುತ್ತೇನೆ. ಆದರೆ ಅದು ಪಾಲು ಕೇಳುವವನ ಆಕ್ಷೇಪವಾಗಬೇಕೇ ಹೊರತು, ಗದ್ದೆಗೇ ಇಳಿಯದೆ ಬದುವಿನ ಮೇಲೆ ಕುಳಿತವನದಲ್ಲ. 'ಪರದೇಶ' ಎಂಬ ಮೂದಲಿಕೆಯೂ ನಿಲ್ಲದು. ಪುಣೆಯ ಬಳಿಯ ನಮ್ಮದೇ ದೈತ್ಯ ರೇಡಿಯೋ ದೂರದರ್ಶಕದ ಮಾಹಿತಿಯನ್ನು ಜನಸಾಮಾನ್ಯರ ಕೈಗೆ ಕೊಟ್ಟು ತರಬೇತಿ ನೀಡುವ 'ರ್‍ಯಾಡ್ ಅಟ್ ಹೋಮ್' ಎಂಬ ಭಾರತೀಯ ಯೋಜನೆ ಆನಂದ ಹೋತಾ ಅವರ ನೇತೃತ್ವದಲ್ಲಿ 2013ರಿಂದ ನಡೆದಿದೆ.

ಇನ್ನು ಅಂಕ. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅವಿಭಜಿತ ಬಂಗಾಳದ ಜೆಸ್ಸೋರಿನಲ್ಲಿ ರಾಧಾಗೋಬಿಂದ ಚಂದ್ರ ಎಂಬವರಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಮೂರು ಸಲ ನಪಾಸು. ಸರ್ಕಾರಿ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಕೆಲಸ. ಹಗಲು ನಾಣ್ಯ ನೋಡಿದ ಕಣ್ಣು ರಾತ್ರಿ ನಕ್ಷತ್ರ ನೋಡುತ್ತಿತ್ತು. ಕಾಂತಿ ಏರಿಳಿಯುವ ಚಂಚಲ ನಕ್ಷತ್ರಗಳನ್ನು ನೆರೆಯ ಸ್ಥಿರಕಾಂತಿಯ ನಕ್ಷತ್ರಗಳೊಡನೆ ಹೋಲಿಸಿ, ಅಂದಾಜನ್ನು ದಿನಾಂಕ ಸಮಯ ಸಹಿತ ಬರೆದಿಟ್ಟು, ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘಕ್ಕೆ ಕಳುಹಿಸುತ್ತಿದ್ದರು. ಒಂದೆರಡಲ್ಲ, 37 ಸಾವಿರಕ್ಕೂ ಹೆಚ್ಚು ದಾಖಲೆಗಳು! ಮೂರು ದಶಕಗಳಿಗೂ ಮಿಕ್ಕ ದುಡಿಮೆ. ಸಂಘವು ಅವರಿಗೆ ಆರು ಅಂಗುಲದ ದೂರದರ್ಶಕವನ್ನು ಎರವಲು ಕೊಟ್ಟಿತು. ಅದೇ ಮುಂದೆ ಖ್ಯಾತ ಖಗೋಳವಿಜ್ಞಾನಿ ವೈನು ಬಾಪು ಅವರ ಕೈಸೇರಿ, ಕೊನೆಗೆ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯವನ್ನು ತಲುಪಿತು. ಇಂದಿನ ಲೆಕ್ಕದಲ್ಲಿ ಚಂದ್ರರಿಗೆ ವಿಜ್ಞಾನ ವಿಭಾಗದಲ್ಲಿ ಸೀಟು ಸಿಗುತ್ತಿರಲಿಲ್ಲ. ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನ "ನಿನಗೆ ವಿಜ್ಞಾನ ಒಗ್ಗದು" ಎಂಬ ತೀರ್ಪು ಹೊತ್ತು ಶಾಲೆಯ ಗೇಟು ದಾಟಿದ ಎಷ್ಟು ಮಕ್ಕಳನ್ನು ನೋಡಿದ್ದೇನೆ! ನಾನು ಪಾಠ ಹೇಳಿದ ಶಾಲೆಯೊಂದರಲ್ಲಿ ಸಂಜೆ ಮಕ್ಕಳಿಗೆ ಆಕಾಶ ತೋರಿಸುತ್ತಿದ್ದಾಗ, ಇದಕ್ಕೆ ಎಷ್ಟು ಅಂಕ ನಿಗದಿಯಾಗಿದೆ ಎಂದು ಆಡಳಿತ ಮಂಡಳಿಯವರು ಲಿಖಿತವಾಗಿ ಕೇಳಿದ್ದರು. ಆ ಕಾಗದ ಈಗಲೂ ನನ್ನ ಕಪಾಟಿನಲ್ಲಿದೆ.

ಅಡ್ಡಿ ನಿಜವಾಗಿ ಇರುವುದು ಬೇರೆಡೆ. ಈ ಯೋಜನೆಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ. ಸುರುಳಿಯನ್ನು ಸುರುಳಿ ಎಂದು ಗುರುತಿಸಲು ಇಂಗ್ಲಿಷ್ ಬೇಕಿಲ್ಲ, ಸೂಚನೆಗಳನ್ನು ಓದಲು ಮಾತ್ರ ಬೇಕು. ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ತಂತ್ರಾಂಶದ ನೌಕರಿಯಲ್ಲಿರುವ ನನ್ನ ಶಿಷ್ಯರೇ, ಕೆಲವು ಯೋಜನೆಗಳು ಸೂಚನೆಗಳ ಅನುವಾದಕ್ಕೂ ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತವೆ. ನಾಲ್ಕು ಭಾನುವಾರಗಳ ಕೆಲಸ. ಕನ್ನಡವನ್ನು ತಿದ್ದಿಕೊಡಲು ನಾನಿದ್ದೇನೆ, ಕೆಂಪು ಶಾಯಿ ಇನ್ನೂ ಮುಗಿದಿಲ್ಲ.

ಕಂಪ್ಯೂಟರ್ ಇಲ್ಲದವರಿಗೂ ಕೆಲಸವಿದೆ. ನಮ್ಮ ರೈತರು ಮಳೆಯ ಹೆಸರಾಗಿ ಬಲ್ಲ ಆರಿದ್ರಾ ನಕ್ಷತ್ರವು 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಕುಗ್ಗುತ್ತಾ ಬಂದು ರೋಹಿಣಿಗಿಂತಲೂ ಮಂಕಾಯಿತು. ಜಗತ್ತಿನ ಹವ್ಯಾಸಿಗಳು ಬರಿಗಣ್ಣಿನಿಂದ ಅದನ್ನು ಅಳೆದು ದಾಖಲಿಸಿದರು. ಸೋದರಮಾವನಾದವನು ಈ ಪುಷ್ಯ ಮಾಸದಲ್ಲಿ ಸೊಸೆಯನ್ನು ಕರೆದುಕೊಂಡು ತಾರಸಿ ಹತ್ತಲಿ. ರೋಹಿಣಿಯೊಡನೆ ಆರಿದ್ರೆಯನ್ನು ಹೋಲಿಸಿ, ದಿನಾಂಕ, ಸಮಯ ಮತ್ತು ಅಂದಾಜನ್ನು ಒಂದು ತಿಂಗಳು ಬರೆದಿಟ್ಟು ನನಗೆ ತೋರಿಸಲಿ. ಆ ಪುಸ್ತಕ ನೋಡಿದ ಮೇಲೆ ಬಿಟ್ಟಿ ಚಾಕರಿಯ ವಾದವನ್ನು ಮುಂದುವರಿಸೋಣ.