ಮೊದಲು ಬಂದವನು

ಆತ್ಮಜ್ಞಾನವು ಏಕಾಂತದ ಫಲವೆಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಹಿರೀಸಾವೆಗೆ ಸಮೀಪದ ಶ್ರವಣಬೆಳಗೊಳದಲ್ಲಿ, ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ಮಾಡಿಸಿದ ಗೊಮ್ಮಟನೂ ಬೆಟ್ಟದ ಮೇಲೆ ಒಂಟಿಯಾಗಿಯೇ ನಿಂತಿದ್ದಾನೆ. ಆದರೆ 941ರಲ್ಲಿ ರಚಿತವಾದ ಪಂಪನ ಆದಿಪುರಾಣವನ್ನು ತರಗತಿಯಲ್ಲಿ ಓದಿಸುವಾಗಲೆಲ್ಲ ನನಗೆ ಬೇರೊಂದು ಅರ್ಥ ಹೊಳೆಯುತ್ತದೆ. ಅಣ್ಣ ಭರತನನ್ನು ಗೆದ್ದು, ಗೆದ್ದ ನೆಲವನ್ನು ಅವನಿಗೇ ಬಿಟ್ಟು, ಮೈಗೆ ಬಳ್ಳಿ ಹಬ್ಬುವಂತೆ ವರ್ಷಕಾಲ ನಿಂತರೂ ಬಾಹುಬಲಿಗೆ ಕೇವಲಜ್ಞಾನ ಲಭಿಸಲಿಲ್ಲ. ಅಣ್ಣನನ್ನು ಕುರಿತ ಅಳುಕೊಂದು ಮನದಲ್ಲಿ ಮುಳ್ಳಾಗಿ ಉಳಿದಿತ್ತು. ಆ ಅಣ್ಣನೇ ಬಂದು ಪಾದಕ್ಕೆರಗಿದಾಗ ಮುಳ್ಳು ಕಳಚಿತು, ಜ್ಞಾನವು ಉದಿಸಿತು. ಕಠಿಣ ತಪಸ್ಸಿಗೆ ಸಾಧ್ಯವಾಗದುದು ಒಡಹುಟ್ಟಿದವನ ಬರವಿನಿಂದ ಸಾಧ್ಯವಾಯಿತು.

ಗೇಣಗಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಸೀಮೆಯಲ್ಲಿ ಕಡಮೆಯೇನಿಲ್ಲ. ಅವರೂ ಬೆಟ್ಟವೇರಿ ಗೊಮ್ಮಟನಿಗೆ ಕೈಮುಗಿಯುತ್ತಾರೆ. ಆದರೆ ಬೇರೆ ಬೇರೆಯಾಗಿ ಏರುತ್ತಾರೆ. ಆ ಮೆಟ್ಟಿಲುಗಳಿಗಿಂತ ಅಣ್ಣನ ಮನೆಯ ಹೊಸ್ತಿಲು ಎತ್ತರವಾಗಿ ತೋರುತ್ತದೆ. ಮೊದಲು ಹೋಗಬೇಕಾದವರು ಯಾರೆಂಬುದೇ ಎಲ್ಲರ ಪ್ರಶ್ನೆ. ಭರತನು ಹಿರಿಯ, ಚಕ್ರವರ್ತಿ, ಸಾಲದುದಕ್ಕೆ ತಮ್ಮನಿಂದ ಸೋತವನು. ಬಾರದಿರಲು ಅವನಿಗೆ ಕಾರಣಗಳ ಕೊರತೆಯಿರಲಿಲ್ಲ. ಆದರೂ ಅವನೇ ಬಂದ. ಬಾಗಿದವನು ಅವನು; ಬಿಡುಗಡೆ ಹೊಂದಿದವನು ಗೆದ್ದ ತಮ್ಮ.