ಐವತ್ತು ಮಂದಿಯ ನಿಖಾಹ್ ಸಿಂಧುವಾಗಿತ್ತಲ್ಲವೇ?

ಮದ್ರಸದ ದೊಡ್ಡ ಮಕ್ಕಳನ್ನು ಕರೆದುಕೊಂಡು ದಾಂಡೇಲಿಗೆ ಹೊರಟಿದ್ದೆವು. ಶಿರಸಿ ದಾಟಿ ಮುಂಡಗೋಡದ ಟಿಬೆಟನ್ ಕಾಲೊನಿ ತಲುಪುವಾಗ ಮಧ್ಯಾಹ್ನ. ಬಸ್ಸಿನಲ್ಲಿ ಎರಡು ದೊಡ್ಡ ಪಾತ್ರೆ ಬಿರಿಯಾನಿ ಇತ್ತು. ದಾರಿಯುದ್ದಕ್ಕೂ ಚಿಪ್ಸ್, ಜ್ಯೂಸು ಮುಗಿಸಿದ ಮಕ್ಕಳಿಗೆ ಹಸಿವೆಲ್ಲಿ? ಒಂದು ಪಾತ್ರೆ ಹಾಗೆಯೇ ಉಳಿಯಿತು, ಸಂಜೆಗೆ ಹಳಸಿತು. ಇದನ್ನು ಎಲ್ಲಿ ಸುರಿಯುವುದು ಎಂದು ಅಲ್ಲಿನ ಅಂಗಡಿಯ ವೃದ್ಧೆಯನ್ನು ಕೇಳಿದೆ. ಆಕೆ ಟಿಬೆಟನ್, ಮಾತು ಮಾತ್ರ ಅಪ್ಪಟ ಮುಂಡಗೋಡದ ಕನ್ನಡ. "ಯಾಕ್ರಿ ಸರ, ಇಷ್ಟ್ಯಾಕ ತಂದ್ರಿ?"

ಲೆಕ್ಕ ಕೊಟ್ಟವನು ನಾನೇ. ಉತ್ತರ ಇರಲಿಲ್ಲ.

ಆ ಕಾಲೊನಿ ಆರಂಭವಾದದ್ದು 1966ರಲ್ಲಿ. ದೇಶ ಬಿಟ್ಟು ಬಂದವರಿಗೆ ಸರಕಾರ ಕೊಟ್ಟದ್ದು ಸುಮಾರು 4000 ಎಕರೆ ಕಾಡು. ಅದನ್ನು ಹಸನು ಮಾಡಿ ಮೆಕ್ಕೆಜೋಳ ಬೆಳೆದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಕೊರೋನಾ ಬಂದಾಗ ಆ ವ್ಯಾಪಾರವೂ ನೆಲ ಕಚ್ಚಿತು. ಅಂಥವರು ಕೇಳುವ ಪ್ರಶ್ನೆಗೆ ತೂಕ ಇರುತ್ತದೆ.

ನಾವೂ ಆ ದಿನಗಳನ್ನು ಕಂಡವರೇ. 2020ರ ರಮಝಾನ್‌ನಲ್ಲಿ ಮಸೀದಿ ಬಾಗಿಲು ಮುಚ್ಚಿತ್ತು, ತರಾವೀಹ್ ಮನೆಯಲ್ಲಿ, ಇಫ್ತಾರ್‌ಗೆ ಖರ್ಜೂರ ಮತ್ತು ಗಂಜಿ. ಕಿಟ್ ಹಂಚಲು ಹೋದ ನಮ್ಮ ಹುಡುಗರಿಗೆ ಯಾರ ಮನೆಯಲ್ಲಿ ಎಷ್ಟು ಕೆಜಿ ಅಕ್ಕಿ ಇದೆ ಎಂಬುದೂ ಗೊತ್ತಿತ್ತು. ಮದುವೆಗೆ 50 ಮಂದಿ ಮಾತ್ರ ಎಂದು ಸರಕಾರ ಹೇಳಿತು. ವಲಿ ಇದ್ದರು, ಇಬ್ಬರು ಸಾಕ್ಷಿಗಳಿದ್ದರು, ಮಹ್ರ್ ಕೊಟ್ಟಾಯಿತು, ನಿಖಾಹ್ ಆಯಿತು. ಆ ದಂಪತಿಗಳ ಮಕ್ಕಳು ಈಗ ನಮ್ಮ ಮದ್ರಸಕ್ಕೆ ಬರುತ್ತಿದ್ದಾರೆ. ಅವರ ತಂದೆತಾಯಿಯ ಮದುವೆಯಲ್ಲಿ ಏನು ಕಡಿಮೆಯಾಗಿತ್ತು?

ಈಗ ನೋಡಿ. ನಿಶ್ಚಿತಾರ್ಥಕ್ಕೊಂದು ಹಾಲ್, ಮೆಹಂದಿಗೊಂದು, ನಿಖಾಹ್‌ಗೊಂದು, ರಿಸೆಪ್ಶನ್‌ಗೊಂದು. ಮೂರು ಬಗೆಯ ಮಾಂಸ, ಮೇಲೆ ಐಸ್‌ಕ್ರೀಂ. ಪ್ಲೇಟು ತುಂಬಾ ಬಡಿಸಿಕೊಂಡು, ಅರ್ಧ ತಿಂದು, ಫೋಟೋಗೆ ಓಡುವುದು. ಬಡವನಾದ ಹುಡುಗಿಯ ತಂದೆ "ಅವರು ಮಾಡಿದ್ದಾರಲ್ಲ ಉಸ್ತಾದ್" ಎಂದು ಸಾಲಕ್ಕೆ ಕೈಚಾಚುತ್ತಾನೆ. ನನಗೆ ಹೆಚ್ಚು ನೋವು ಕೊಡುವುದು ಇದು. ಶ್ರೀಮಂತನ ಎಂಜಲು ಪ್ಲೇಟಿನ ಬಿಲ್ಲು ಕೊನೆಗೆ ಬಡವನ ಮನೆಗೆ ಬರುತ್ತದೆ.

ವಲೀಮಾ ಸುನ್ನತ್ ಅಲ್ಲವೇ ಎನ್ನುವವರಿದ್ದಾರೆ. ಹೌದು, ಸುನ್ನತ್. ಆದರೆ ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟ ಅತ್ಯಂತ ಕೆಟ್ಟದ್ದೆಂದು ಹದೀಸ್‌ನಲ್ಲಿ ಬಂದಿದೆ. ದುಂದುವೆಚ್ಚ ಮಾಡುವವರನ್ನು ಖುರ್‌ಆನ್ ಯಾರ ಸಹೋದರರೆಂದು ಕರೆದಿದೆ ಎಂಬುದು ನಮ್ಮ ಮಕ್ಕಳಿಗೂ ಬಾಯಿಪಾಠ.

ಹಾಗಂತ ಹಾಲ್‌ಗಳನ್ನು ಮಾತ್ರ ದೂರಿ ಫಲವಿಲ್ಲ. ವಿಶ್ವಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ 105 ಕೋಟಿ ಟನ್. ಅದರಲ್ಲಿ ಶೇ. 60 ಮನೆಗಳದ್ದೇ. ಫ್ರಿಜ್ಜಿನ ಮೂಲೆಯಲ್ಲಿ ಮೂರು ದಿನ ಕೂತು ನಾಲ್ಕನೇ ದಿನ ತೊಟ್ಟಿ ಸೇರುವ ಸಾರು ಇದೇ ಲೆಕ್ಕದ್ದು.

ಜಮಾಅತ್ ಕಮಿಟಿಗಳು ಮನಸ್ಸು ಮಾಡಬೇಕು. ಮಹಲ್ಲಿನ ಮದುವೆಯಲ್ಲಿ ಒಂದು ಅನ್ನ, ಒಂದು ಮಾಂಸ ಸಾಕು ಎಂದು ಮಹಾಸಭೆಯಲ್ಲಿ ತೀರ್ಮಾನಿಸಲಿ. ಆ ನಿಯಮವನ್ನು ಮೊದಲು ಪಾಲಿಸಬೇಕಾದದ್ದು ಅಧ್ಯಕ್ಷರ ಮನೆ, ನಂತರ ಉಸ್ತಾದರ ಮನೆ. ಉಳಿದ ಊಟ ಬಿಸಿ ಇರುವಾಗಲೇ ಎಲ್ಲಿಗೆ ಹೋಗಬೇಕೆಂದು ಹಿಂದಿನ ದಿನವೇ ಇಬ್ಬರು ಯುವಕರಿಗೆ ಜವಾಬ್ದಾರಿ ಕೊಡಲಿ.

ಶವ್ವಾಲ್‌ನಲ್ಲಿ ಮದುವೆಗಳ ಸಾಲು ಇದೆ. ಹಾಲ್ ಬುಕ್ ಆಗಿರಬಹುದು. ಅಡುಗೆಯವರಿಗೆ ಲೆಕ್ಕ ಇನ್ನೂ ಕೊಟ್ಟಿರಲಿಕ್ಕಿಲ್ಲ.