ಪ್ರಷ್ಯನ್ ಭಾಷೆ ಕತ್ತಿಯಿಂದ ಸಾಯಲಿಲ್ಲ

1701ರ ಜನವರಿ 18ರಂದು, ಬಾಲ್ಟಿಕ್ ಕಡಲಿನ ಹತ್ತಿರದ ಕ್ಯೋನಿಗ್ಸ್‌ಬೆರ್ಗ್ ಊರಿನಲ್ಲಿ, ಬ್ರಾಂಡೆನ್‌ಬುರ್ಗ್‌ನ ಅರಸ ಫ್ರೆಡರಿಕ್ ತನ್ನ ತಲೆಗೆ ತಾನೇ ಕಿರೀಟ ಇಟ್ಟುಕೊಂಡು ಪ್ರಷ್ಯದ ರಾಜನಾದ. ಮುಂದಿನ ಎರಡು ಶತಮಾನ ಯುರೋಪನ್ನು ನಡುಗಿಸಿದ ಹೆಸರು ಅದು. ಆದರೆ ಆ ಹೆಸರು ಜರ್ಮನ್ನರದಲ್ಲ. ವಿಸ್ತುಲಾ ಮತ್ತು ನೆಮನ್ ನದಿಗಳ ನಡುವಿನ ಕಾಡು, ಜೌಗು, ಕಡಲತೀರಗಳಲ್ಲಿ ಬಾಳಿದ್ದ ಬೇರೊಂದು ಜನಾಂಗದ್ದು. ಅವರ ಭಾಷೆ ಲಿಥುವೇನಿಯನ್ ಮತ್ತು ಲಾಟ್ವಿಯನ್ ಭಾಷೆಗಳಿಗೆ ಹತ್ತಿರದ ನೆಂಟ. ಫ್ರೆಡರಿಕ್ ಕಿರೀಟ ಧರಿಸಿದ ದಿನ ಅದನ್ನು ಆಡಬಲ್ಲವರು ಎಲ್ಲಾದರೂ ಉಳಿದಿದ್ದರೆ ಬೆರಳೆಣಿಕೆಯಷ್ಟು ಮಂದಿ.

ಇದಕ್ಕೆ ಹೊಣೆ ಯಾರು ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ಟ್ಯೂಟಾನಿಕ್ ಆರ್ಡರ್, ಅಂದರೆ ಸನ್ಯಾಸ ವ್ರತ ಹಿಡಿದ ಜರ್ಮನ್ ಯೋಧರ ಪಂಥ. ಬಿಳಿ ನಿಲುವಂಗಿ, ಅದರ ಮೇಲೆ ಕಪ್ಪು ಶಿಲುಬೆ. ಪೋಲಿಷ್ ಕಾದಂಬರಿಕಾರ ಸಿಯೆನ್‌ಕೀವಿಚ್ 1900ರಲ್ಲಿ ಇವರನ್ನು ಖಳರಾಗಿ ಚಿತ್ರಿಸಿದ. 1938ರಲ್ಲಿ ಐಸೆನ್‌ಸ್ಟೈನ್ ತನ್ನ 'ಅಲೆಕ್ಸಾಂಡರ್ ನೆವ್‌ಸ್ಕಿ' ಸಿನಿಮಾದಲ್ಲಿ ಇವರನ್ನು ಹೆಪ್ಪುಗಟ್ಟಿದ ಸರೋವರದಲ್ಲಿ ಮುಳುಗಿಸಿದ. ಅತ್ತ ಜರ್ಮನ್ ಇತಿಹಾಸಕಾರ ಟ್ರೈಟ್‌ಷ್ಕೆಗೆ 1862ರಲ್ಲಿ ಇದೇ ಜನ ಪೂರ್ವದ ಕತ್ತಲಿಗೆ ನಾಗರಿಕತೆಯ ದೀಪ ಒಯ್ದ ವೀರರಾಗಿ ಕಂಡರು. ಬೈಗುಳವೂ ಹೊಗಳಿಕೆಯೂ ಕತ್ತಿಯ ಸುತ್ತಲೇ ಗಿರಕಿ ಹೊಡೆಯುತ್ತವೆ. ಒಂದು ಭಾಷೆಯ ಸಾವಿನ ಕಡೆಯಿಂದ ನೋಡಿದರೆ ಈ ಆರ್ಡರಿನ ನಿಜವಾದ ಕೆಲಸ ಕತ್ತಿ ಒರೆಗೆ ಸೇರಿದ ಮೇಲೆ ಶುರುವಾಯಿತು. ಅದು ಗುಮಾಸ್ತರ, ಭೂಮಾಪಕರ, ಒಕ್ಕಲು ಕರೆತರುವ ದಲ್ಲಾಳಿಗಳ ಕೆಲಸ.

ಹುಟ್ಟಿದ್ದು ಮಾತ್ರ ಒಂದು ಆಸ್ಪತ್ರೆಯಾಗಿ. ಮೂರನೆಯ ಕ್ರುಸೇಡ್‌ನಲ್ಲಿ, 1190ರ ಆಸುಪಾಸು, ಪ್ಯಾಲೆಸ್ತೀನಿನ ಆಕ್ರೆ ಬಂದರಿಗೆ ಮುತ್ತಿಗೆ ಬಿದ್ದಿದ್ದಾಗ ಬ್ರೆಮೆನ್ ಮತ್ತು ಲ್ಯೂಬೆಕ್‌ನ ವರ್ತಕರು ಹಡಗಿನ ಹಾಯಿಯನ್ನೇ ಡೇರೆ ಮಾಡಿ ಗಾಯಾಳುಗಳ ಶುಶ್ರೂಷೆ ಮಾಡಿದರು. 1198ರಲ್ಲಿ ಅದು ಟೆಂಪ್ಲರ್‌ಗಳ ಮಾದರಿಯ ಸೈನಿಕ ಪಂಥವಾಯಿತು. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ, ಜೊತೆಗೆ ಯುದ್ಧ. ಆದರೆ ಪವಿತ್ರ ಭೂಮಿಯಲ್ಲಿ ತಡವಾಗಿ ಬಂದವರಿಗೆ ಜಾಗ ಕಡಿಮೆ. ಹಂಗೇರಿಯ ರಾಜ ಎರಡನೆಯ ಆಂಡ್ರ್ಯೂ 1211ರಲ್ಲಿ ಟ್ರಾನ್ಸಿಲ್ವೇನಿಯದ ಗಡಿಯಲ್ಲಿ ನೆಲೆ ಕೊಟ್ಟ. ಇವರು ಅಲ್ಲಿ ಸ್ವಂತ ರಾಜ್ಯ ಕಟ್ಟುವ ಹವಣಿಕೆಯಲ್ಲಿದ್ದಾರೆಂದು ಕಂಡಾಗ 1225ರಲ್ಲಿ ಹೊರಗಟ್ಟಿದ. ಆ ಪಾಠವನ್ನು ಆರ್ಡರಿನ ಮುಖ್ಯಸ್ಥ ಹೆರ್ಮಾನ್ ಫಾನ್ ಜಾಲ್ಟ್ಸಾ ಚೆನ್ನಾಗಿ ಕಲಿತ. ಪ್ರಷ್ಯನ್ನರ ದಾಳಿಯಿಂದ ಬೇಸತ್ತ ಪೋಲೆಂಡಿನ ಮಜೋವಿಯ ಪ್ರಾಂತ್ಯದ ದೊರೆ ಕೊನ್ರಾಡ್ ನೆರವಿಗೆ ಕರೆದಾಗ, ಈತ ಮೊದಲು ಕಾಗದಪತ್ರ ಕೈಗೆ ಬರುವಂತೆ ನೋಡಿಕೊಂಡ. ಗೆದ್ದ ನೆಲ ಆರ್ಡರಿನದೇ ಎಂದು ಚಕ್ರವರ್ತಿಯಿಂದ ಒಂದು ಸನದು, ಪೋಪರಿಂದ ಇನ್ನೊಂದು. ಆಮೇಲೆ ಕುದುರೆ ಏರಿದ್ದು.

ಮುಂದಿನ ಐವತ್ತು ವರ್ಷ ಯುದ್ಧ. 1231ರಲ್ಲಿ ಟೋರ್ನ್, 1237ರಲ್ಲಿ ಎಲ್ಬಿಂಗ್, 1255ರಲ್ಲಿ ಕ್ಯೋನಿಗ್ಸ್‌ಬೆರ್ಗ್ ಎಂದು ನದಿ ಮತ್ತು ಕಡಲತೀರ ಹಿಡಿದು ಕೋಟೆಗಳು ಎದ್ದವು. ಇದೆಲ್ಲ ಧರ್ಮ ಹರಡಲು ಎಂಬುದು ಆರ್ಡರಿನ ಹೇಳಿಕೆ. ಅದನ್ನು ಮೊದಲು ಪ್ರಶ್ನಿಸಿದವನು ಪ್ರಷ್ಯದ ಮೊದಲ ಬಿಷಪ್ ಕ್ರಿಶ್ಚಿಯನ್. ಆಧುನಿಕ ವಿಮರ್ಶಕರು ಬಂದದ್ದು ಬಹಳ ತಡವಾಗಿ. ಈ ಬಿಷಪ್ 1233ರಲ್ಲಿ ಪ್ರಷ್ಯನ್ನರ ಕೈಗೆ ಸಿಕ್ಕು ವರ್ಷಗಟ್ಟಲೆ ಸೆರೆಯಲ್ಲಿದ್ದ. ಬಿಡುಗಡೆಯಾದ ಮೇಲೆ ಪೋಪರಿಗೆ ಸಲ್ಲಿಸಿದ ದೂರಿನಲ್ಲಿ ಆರ್ಡರ್ ತನ್ನನ್ನು ಬಿಡಿಸಲು ಯತ್ನಿಸಲಿಲ್ಲ ಎಂದ. ದೀಕ್ಷಾಸ್ನಾನ ಬಯಸಿ ಬಂದವರನ್ನೂ ತಡೆಯುತ್ತಿದೆ, ಹೊಸದಾಗಿ ಕ್ರೈಸ್ತರಾದವರನ್ನು ಹಿಂಸಿಸುತ್ತಿದೆ ಎಂದ. ಸೋತ ಕ್ರೈಸ್ತೇತರನ ನೆಲ ಕಿತ್ತುಕೊಳ್ಳಬಹುದು, ಕ್ರೈಸ್ತನಾದವನ ನೆಲ ಹಾಗಲ್ಲ ಎಂಬ ಲೆಕ್ಕ ಇದರ ಹಿಂದೆ ಇದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. 1249ರಲ್ಲಿ ಪೋಪರ ಪ್ರತಿನಿಧಿ ಮಧ್ಯೆ ಬಂದು ಕ್ರಿಸ್ಟ್‌ಬುರ್ಗ್ ಒಪ್ಪಂದ ಮಾಡಿಸಿದ. ಮತಾಂತರಗೊಂಡ ಪ್ರಷ್ಯನ್ನನಿಗೆ ಆಸ್ತಿ ಕೊಳ್ಳುವ, ಮಾರುವ, ಮಕ್ಕಳಿಗೆ ಬಿಟ್ಟುಹೋಗುವ, ಪಾದ್ರಿಯಾಗುವ ಹಕ್ಕುಗಳು ಅದರಲ್ಲಿದ್ದವು. ಹೆಣ ಸುಡುವುದು, ಒಬ್ಬರಿಗಿಂತ ಹೆಚ್ಚು ಹೆಂಡಿರನ್ನು ಇಟ್ಟುಕೊಳ್ಳುವುದು ನಿಷೇಧ. ದಂಗೆ ಎದ್ದರೆ ಎಲ್ಲ ಹಕ್ಕೂ ರದ್ದು.

1260ರಲ್ಲಿ ದಂಗೆ ಎದ್ದೇ ಎದ್ದಿತು. ಅದರ ನಾಯಕರಲ್ಲಿ ಹೆಸರಾದವನು ಹೆರ್ಕುಸ್ ಮಾಂಟೆ. ಬಾಲ್ಯದಲ್ಲಿ ಒತ್ತೆಯಾಳಾಗಿ ಜರ್ಮನಿಯ ಮಾಗ್ಡೆಬುರ್ಗ್‌ಗೆ ಹೋಗಿ, ಅಲ್ಲೇ ಓದಿ, ಗೆದ್ದವರ ಭಾಷೆಯನ್ನೂ ಯುದ್ಧವಿದ್ಯೆಯನ್ನೂ ಕಲಿತು ಬಂದವನು. ಎರಡೂ ಕಡೆಯ ಮಾತು ಬಲ್ಲ ಇಂಥವನನ್ನು ಮಧ್ಯಸ್ಥನಾಗಿ ಬಳಸಿಕೊಳ್ಳುವ ದಾರಿ ಆರ್ಡರಿಗೆ ಇತ್ತು. 1273ರಲ್ಲಿ ಅವನನ್ನು ಗಲ್ಲಿಗೇರಿಸಿದರು. 1283ರ ಹೊತ್ತಿಗೆ ಇಡೀ ನಾಡು ಆರ್ಡರಿನ ವಶವಾಯಿತು.

ಇಲ್ಲಿಗೆ ಕಥೆ ಮುಗಿಸಿ, ಕತ್ತಿ ಭಾಷೆಯನ್ನು ಕೊಂದಿತು ಎನ್ನುವುದು ಸುಲಭ. ಆದರೆ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಇದೇ ಆರ್ಡರಿನ ಇನ್ನೊಂದು ಶಾಖೆ ಲಿವೋನಿಯವನ್ನು, ಅಂದರೆ ಇಂದಿನ ಲಾಟ್ವಿಯ ಮತ್ತು ಎಸ್ಟೋನಿಯವನ್ನು ಆಳುತ್ತಿತ್ತು. ಅಲ್ಲಿಯೂ ಅದೇ ನಿಲುವಂಗಿ, ಅದೇ ಕೋಟೆ, ಅದೇ ಕ್ರೌರ್ಯ. ಅಲ್ಲಿಯ ಜರ್ಮನ್ ಜಮೀನ್ದಾರರು ಆರ್ಡರ್ ಹೋದ ಮೇಲೂ ಶತಮಾನಗಟ್ಟಲೆ ಉಳಿದರು. ಆದರೂ ಲಾಟ್ವಿಯನ್ ಮತ್ತು ಎಸ್ಟೋನಿಯನ್ ಇಂದು ಎರಡು ದೇಶಗಳ ಆಡಳಿತ ಭಾಷೆಗಳು. ಅಲ್ಲಿಯೂ ಕುರೋನಿಯನ್, ಲಿವೋನಿಯನ್‌ನಂಥ ಸಣ್ಣ ಭಾಷೆಗಳು ಅಳಿದವು ನಿಜ. ಅವು ಕರಗಿದ್ದು ಮುಖ್ಯವಾಗಿ ಲಾಟ್ವಿಯನ್ನಿನೊಳಗೆ, ಜರ್ಮನ್ನಿನೊಳಗೆ ಅಲ್ಲ.

ಒಂದೇ ಆರ್ಡರ್, ಎರಡು ಫಲಿತಾಂಶ. ವ್ಯತ್ಯಾಸ ಇರುವುದು ಒಕ್ಕಲುತನದಲ್ಲಿ. ಲಿವೋನಿಯಕ್ಕೆ ಹೋದ ಜರ್ಮನ್ನರು ನೈಟರು, ಪಾದ್ರಿಗಳು, ವರ್ತಕರು. ನಡುವೆ ಸೋಲದ ಲಿಥುವೇನಿಯ ಇದ್ದುದರಿಂದ ರೈತ ಕುಟುಂಬಗಳು ಗಾಡಿ ಕಟ್ಟಿಕೊಂಡು ನೆಲದ ದಾರಿಯಲ್ಲಿ ಅಲ್ಲಿಗೆ ತಲುಪಲಾಗಲಿಲ್ಲ. ಒಡೆಯ ಕೋಟೆಯಲ್ಲಿ ಜರ್ಮನ್ ಆಡಿದ, ಹೊಲದಲ್ಲಿ ಹಳೆಯ ಮಾತೇ ನಡೆಯಿತು. ಪ್ರಷ್ಯಕ್ಕೆ ಮಾತ್ರ ಜರ್ಮನ್ ರೈತ ಬಂದ, ಕಮ್ಮಾರ ಬಂದ, ಹಿಟ್ಟಿನ ಗಿರಣಿಯವನು ಬಂದ. ಅವರನ್ನು ಕರೆತರುವುದಕ್ಕೆ ದಲ್ಲಾಳಿಗಳಿದ್ದರು. ಇಷ್ಟು ಕುಟುಂಬ ತಂದು ಹಳ್ಳಿ ಎಬ್ಬಿಸಿದರೆ ಅವನಿಗೇ ಅಲ್ಲಿಯ ಪಟೇಲಿಕೆ, ಜೊತೆಗೊಂದಷ್ಟು ಕಂದಾಯವಿಲ್ಲದ ಜಮೀನು. 1233ರ ಕುಲ್ಮ್ ಶಾಸನ ಹೊಸ ಪಟ್ಟಣಗಳಿಗೆ ಜರ್ಮನ್ ಮಾದರಿಯ ಕಾನೂನು ಕೊಟ್ಟಿತ್ತು. ನಿಷ್ಠೆ ತೋರಿದ ಕೆಲವು ಪ್ರಷ್ಯನ್ ಮನೆತನಗಳಿಗೆ ಒಳ್ಳೆಯ ಹಕ್ಕುಪತ್ರ ಸಿಕ್ಕಿತು. ಉಳಿದ ಸಾಮಾನ್ಯ ಪ್ರಷ್ಯನ್ ರೈತನ ಪಾಲಿಗೆ ಬಂದದ್ದು ಬಿಟ್ಟಿ ದುಡಿಮೆ. ನ್ಯಾಯ, ಸಂತೆ, ಕಸುಬು, ಪಕ್ಕದ ಮನೆಯ ಸಂಬಂಧ, ಎಲ್ಲಕ್ಕೂ ಜರ್ಮನ್ ಬೇಕಾಯಿತು. ಮಾತಾಡಬೇಡ ಎಂದು ಯಾರೂ ಬಾಯಿಗೆ ಬೀಗ ಹಾಕಬೇಕಾಗಲಿಲ್ಲ. ಪ್ರಷ್ಯನ್ ಮಾತಿನಿಂದ ಆಗುವ ಕೆಲಸವೇ ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು.

ಕಡಲಿನ ಅಂಬರ್ ವಿಷಯವೂ ಹೀಗೇ. ಬಾಲ್ಟಿಕ್ ತೀರದಲ್ಲಿ ಅಲೆ ಎಸೆಯುವ ಆ ಹಳದಿ ರಾಳದ ಹರಳನ್ನು ಆಯುವ ಹಕ್ಕು ಆರ್ಡರಿನ ಏಕಸ್ವಾಮ್ಯವಾಯಿತು. ತೀರದ ಜನ ಆಯ್ದು ಒಪ್ಪಿಸಬೇಕು. ಬಚ್ಚಿಟ್ಟರೆ ಕಠಿಣ ಶಿಕ್ಷೆ. ಅದು ಬ್ರೂಜ್ ಮತ್ತು ಲ್ಯೂಬೆಕ್‌ನ ಜಪಮಾಲೆ ಮಾಡುವ ಕುಶಲಕರ್ಮಿಗಳಿಗೆ ಹೋಗುತ್ತಿತ್ತು. ಬಡತನದ ವ್ರತ ಹಿಡಿದವರ ಬೊಕ್ಕಸ ತುಂಬಿದ ಬಗೆಗಳಲ್ಲಿ ಇದೂ ಒಂದು.

ಇನ್ನು ಪ್ರಷ್ಯನ್ ಭಾಷೆಯ ಬಗ್ಗೆ ಆರ್ಡರಿನ ಕಾಲದಿಂದ ಉಳಿದಿರುವ ದೊಡ್ಡ ದಾಖಲೆಯನ್ನೇ ನೋಡಬಹುದು. ಎಲ್ಬಿಂಗ್ ಪದಕೋಶ ಎಂದು ಅದರ ಹೆಸರು. 1400ರ ಸುಮಾರಿಗೆ ಮಾಡಿದ ನಕಲು. ಜರ್ಮನ್ ಪದ, ಅದರೆದುರು ಪ್ರಷ್ಯನ್ ಪದ, ಒಟ್ಟು 802. ಮೊದಲ ಪದ ದೇವರು: 'ದೇಯ್‌ವಿಸ್'. ಹಲ್ಲಿಗೆ 'ದಾಂತಿಸ್', ಹೊಗೆಗೆ 'ದುಮಿಸ್'. ದೇವ, ದಂತ, ಧೂಮ ಎಂಬ ಸಂಸ್ಕೃತ ಪದಗಳನ್ನು ದಿನಾ ಬಳಸುವ ಕನ್ನಡ ಓದುಗರಿಗೆ ಈ ಪಟ್ಟಿಯಲ್ಲಿ ಅಲ್ಲಲ್ಲಿ ಪರಿಚಿತ ಮುಖ ಕಾಣುತ್ತದೆ. ಇಂಡೋ-ಯುರೋಪಿಯನ್ ಭಾಷೆಗಳ ಚರಿತ್ರೆ ಬರೆಯುವವರು ಈ ಪುಟ್ಟ ಪಟ್ಟಿಯನ್ನು ಇಷ್ಟು ಜತನ ಮಾಡುವುದೂ ಅದಕ್ಕೇ. ಆದರೆ ಅದರಲ್ಲಿರುವ ಪದಗಳು ಎಂಥವು? ದೇವರು, ದೇವದೂತ, ಸ್ವರ್ಗ ಎಂದು ಶುರುವಾದದ್ದು ಬೇಗನೇ ನೆಲಕ್ಕಿಳಿಯುತ್ತದೆ. ಮೈಯ ಅಂಗಗಳು, ನೆಂಟಸ್ತಿಕೆ, ಗಾಡಿಯ ಭಾಗಗಳು, ಕುದುರೆಯ ಸಾಮಾನು, ಗಿರಣಿ, ಮರ, ಹಕ್ಕಿ, ಮೀನು. ಬಹುತೇಕ ಎಲ್ಲವೂ ನಾಮಪದ. ಇದನ್ನು ಬಾಯಿಪಾಠ ಮಾಡಿದವನು ಜಗಳದ ಆಸ್ತಿ ಪಟ್ಟಿ ಮಾಡಬಲ್ಲ, ತೆರಿಗೆ ಕೇಳಬಲ್ಲ. ಯಾರಿಗೂ ಸಮಾಧಾನ ಹೇಳಲಾರ, ಪ್ರಾರ್ಥನೆ ಕಲಿಸಲಾರ. ಇದು ಯಜಮಾನನಿಗೆ ಬೇಕಾದ ಪದಕೋಶ.

ಆ ಕಾಲವೇ ಹಾಗಿತ್ತು, ಲ್ಯಾಟಿನ್ ಬಿಟ್ಟು ಬೇರೆ ಭಾಷೆಗೆ ಧರ್ಮಗ್ರಂಥ ತರುವ ಯೋಚನೆಯೇ ಇರಲಿಲ್ಲ ಎಂಬ ಸಮಜಾಯಿಷಿ ಕೇಳಿಬರುತ್ತದೆ. ಅದು ನಿಲ್ಲುವುದಿಲ್ಲ. ಸಿರಿಲ್ ಮತ್ತು ಮೆಥೋಡಿಯಸ್ ಸೋದರರು 9ನೆಯ ಶತಮಾನದಲ್ಲೇ ಸ್ಲಾವ್ ಜನರ ಮಾತಿಗಾಗಿ ಲಿಪಿ ಕಟ್ಟಿ ಬೈಬಲ್ ಅನುವಾದಿಸಿದ್ದರು. ಅಷ್ಟು ದೂರ ಹೋಗುವುದೂ ಬೇಡ, ಆರ್ಡರ್ ತಾನೇ ಅನುವಾದ ಮಾಡಿಸುತ್ತಿತ್ತು. ಯೂದಿತ್, ಎಸ್ತರ್, ದಾನಿಯೇಲ, ಮಕ್ಕಬಿಯರ ಕಥೆಗಳು ಆರ್ಡರಿನ ವಲಯದಲ್ಲಿ ಜರ್ಮನ್ ಪದ್ಯಕ್ಕೆ ಬಂದವು, ಏಕೆಂದರೆ ನೈಟರಲ್ಲಿ ಹೆಚ್ಚಿನವರಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಧರ್ಮಗ್ರಂಥ ಓದಿಸಿ ಕೇಳಬೇಕೆಂಬುದು ಅವರ ನಿಯಮ. ಡುಸ್‌ಬುರ್ಗ್‌ನ ಪೀಟರ್ 1326ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಆರ್ಡರಿನ ಚರಿತ್ರೆಯನ್ನೂ ಕೆಲವೇ ವರ್ಷಗಳಲ್ಲಿ ನಿಕೊಲೌಸ್ ಫಾನ್ ಯೆರೋಷಿನ್ ಜರ್ಮನ್ ಪದ್ಯಕ್ಕೆ ತಂದ. ಅರ್ಥವಾಗದ ಭಾಷೆಯಲ್ಲಿ ಹೇಳಿದ ಧರ್ಮ ಕಿವಿಗೆ ಬೀಳುವುದಿಲ್ಲ ಎಂಬುದು ಇವರಿಗೆ ಗೊತ್ತಿತ್ತು. ಆ ಅನುಕೂಲ ತಮಗೆ ಸಾಕು ಎಂದುಕೊಂಡರು.

ಅದೇ ಪೀಟರ್ ಪ್ರಷ್ಯನ್ನರ ಬಗ್ಗೆ ಬರೆಯುತ್ತ, ಇವರಿಗೆ ಅಕ್ಷರ ತಿಳಿಯದು, ದೂರದಲ್ಲಿರುವವನಿಗೆ ಬರಹದ ಮೂಲಕ ಮನಸ್ಸಿನ ಮಾತು ಮುಟ್ಟಿಸಬಹುದೆಂದು ಕೇಳಿ ಬೆರಗಾದರು ಎನ್ನುತ್ತಾನೆ. ಅಕ್ಷರ ತಿಳಿಯದಿದ್ದುದು ಪ್ರಷ್ಯನ್ನರ ಕೊರತೆಯಾಗಿ ಅವನಿಗೆ ಕಂಡಿತು. ಅವನು ಅದನ್ನು ಬರೆಯುವಾಗ ಆರ್ಡರ್ ಆ ನಾಡಿಗೆ ಬಂದು ಸುಮಾರು ನೂರು ವರ್ಷವಾಗಿತ್ತು.

ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು ಎಂಬ ಮಾತಿಗೂ ಉತ್ತರ ಅಂದಿನವರಲ್ಲೇ ಇದೆ. 1410ರ ಜುಲೈ 15ರಂದು ಟಾನೆನ್‌ಬೆರ್ಗ್‌ನಲ್ಲಿ ಪೋಲೆಂಡ್ ಮತ್ತು ಲಿಥುವೇನಿಯದ ಸೇನೆಗಳು ಆರ್ಡರನ್ನು ಮುರಿದವು. ಮುಖ್ಯಸ್ಥನೇ ರಣರಂಗದಲ್ಲಿ ಸತ್ತ. ಕೆಲವೇ ವರ್ಷಗಳ ನಂತರ ಕಾನ್‌ಸ್ಟಾನ್ಸ್ ಧರ್ಮಸಭೆಯಲ್ಲಿ ಕ್ರಾಕೋವ್ ವಿಶ್ವವಿದ್ಯಾಲಯದ ಪಾವೆಲ್ ವ್ಲೋದ್‌ಕೋವಿಚ್ ಎದ್ದು ನಿಂತು, ಕ್ರೈಸ್ತರಲ್ಲದವರಿಗೂ ತಮ್ಮ ನೆಲದ ಮೇಲೆ ಹಕ್ಕಿದೆ, ಬಲವಂತದ ಮತಾಂತರ ಸಲ್ಲದು ಎಂದು ವಾದಿಸಿದ. ಅವನೂ ಕ್ರೈಸ್ತನೇ, ಅದೇ ಶತಮಾನದವನೇ. ವಾದದ ಹಿಂದೆ ಪೋಲೆಂಡಿನ ರಾಜಕೀಯವಿತ್ತು, ಸರಿ. ಅದರಿಂದ ವಾದದ ತೂಕ ಕಡಿಮೆಯಾಗುವುದಿಲ್ಲ.

1525ರಲ್ಲಿ ಆರ್ಡರಿನ ಮುಖ್ಯಸ್ಥ ಆಲ್ಬ್ರೆಖ್ಟ್ ನಿಲುವಂಗಿ ಕಳಚಿಟ್ಟು ಲೂಥರ್‌ನ ಮತ ಸೇರಿ, ಪೋಲೆಂಡಿನ ರಾಜನಿಗೆ ತಲೆಬಾಗಿ, ಪ್ರಷ್ಯದ ಡ್ಯೂಕ್ ಆದ. ಆರ್ಡರಿನ ಆಳ್ವಿಕೆ ಅಲ್ಲಿಗೆ ಮುಗಿಯಿತು. ಪ್ರಷ್ಯನ್ ಭಾಷೆಯಲ್ಲಿ ಪುಸ್ತಕಗಳು ಅಚ್ಚಾದದ್ದು ಆಮೇಲೆ, 1545ರಲ್ಲಿ ಎರಡು, 1561ರಲ್ಲಿ ಒಂದು. ಮೂರೂ ಧರ್ಮಬೋಧೆಯ ಪ್ರಶ್ನೋತ್ತರದ ಕೈಪಿಡಿಗಳು. 1545ರ ಎರಡನೆಯದು ಮೊದಲನೆಯದರ ತಪ್ಪು ತಿದ್ದಲೆಂದೇ ಬಂದದ್ದು. ಅಷ್ಟರಲ್ಲಿ ಚರ್ಚುಗಳಲ್ಲಿ 'ಟೋಲ್ಕ್' ಎಂಬ ದುಭಾಷಿ ನಿಂತು, ಪಾದ್ರಿಯ ಜರ್ಮನ್ ಪ್ರವಚನವನ್ನು ಪ್ರಷ್ಯನ್ನಿಗೆ ತಿರುಗಿಸಿ ಹೇಳಬೇಕಾಗಿತ್ತು. ಮೂರನೆಯ ಪುಸ್ತಕವನ್ನು ಅನುವಾದಿಸಿದವನು ಪೋಬೆಟೆನ್ ಊರಿನ ಪಾದ್ರಿ ಆಬೆಲ್ ವಿಲ್. ಅವನಿಗೆ ನೆರವಾದವನು ಪ್ರಷ್ಯನ್ ಮನೆಮಾತಿನ ಪೌಲ್ ಮೆಗಾಟ್. ವಾಕ್ಯಗಳು ಜರ್ಮನ್ನಿನ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತವೆ, ಪ್ರಷ್ಯನ್ ಹೀಗೆ ಇರಲಾರದು ಎಂದು ವಿದ್ವಾಂಸರು ಗೊಣಗುತ್ತಾರೆ. ಗೊಣಗಲಿ. ವಾಕ್ಯ ಎಂದು ಹೇಳಬಹುದಾದದ್ದು ಆ ಭಾಷೆಯಲ್ಲಿ ಉಳಿದಿರುವುದು ಹೆಚ್ಚಾಗಿ ಆ ಇಬ್ಬರ ದುಡಿಮೆಯಿಂದಲೇ.

ಆ ಹೊತ್ತಿಗೆ ಕೈ ಮೀರಿತ್ತು. ಧರ್ಮಬೋಧೆಯ ಒಂದು ಹಳೆಯ ಪ್ರತಿಯಲ್ಲಿ ಯಾರೋ ಕೈಯಲ್ಲಿ ಬರೆದಿಟ್ಟ ಟಿಪ್ಪಣಿಯಿದೆ: ಈ ಭಾಷೆ ಪೂರ್ತಿ ಹೋಯಿತು, ಇದನ್ನು ಬಲ್ಲ ಒಬ್ಬ ಮುದುಕ ಕುರಿಷ್ ಮರಳುದಿಬ್ಬದ ಕಡೆ ಇದ್ದವನು 1677ರಲ್ಲಿ ತೀರಿಕೊಂಡ ಎಂಬರ್ಥದ್ದು. ಎಲ್ಲಾದರೂ ಇನ್ನೂ ಒಬ್ಬಿಬ್ಬರು ಉಳಿದಿದ್ದರೆ, 1709ರಿಂದ 1711ರವರೆಗೆ ಆ ಸೀಮೆಯನ್ನು ಬರಿದು ಮಾಡಿದ ಪ್ಲೇಗು ಅವರನ್ನೂ ಒಯ್ದಿರಬೇಕು. ಎಲ್ಬಿಂಗ್ ಪದಕೋಶದ ಹಸ್ತಪ್ರತಿ 1825ರಲ್ಲಿ ಸಿಕ್ಕಿ, ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಕಳೆದುಹೋಯಿತು. ಈಗ ಇರುವುದು ಅದರ ಮುದ್ರಿತ ಪಡಿಯಚ್ಚು. ಪೋಬೆಟೆನ್ ಇಂದು ರಷ್ಯದ ಕಲಿನಿನ್‌ಗ್ರಾಡ್ ಪ್ರಾಂತ್ಯದಲ್ಲಿದೆ. ಪ್ರಷ್ಯನ್ ಮೂಲದ ಆ ಹೆಸರನ್ನು ಜರ್ಮನ್ನರು ಅಷ್ಟು ಶತಮಾನ ಹಾಗೇ ಉಳಿಸಿಕೊಂಡಿದ್ದರು. ಯುದ್ಧದ ನಂತರ ಊರಿಗೆ ರೊಮಾನೊವೊ ಎಂದು ಹೆಸರಾಯಿತು.